ಕೂರಲೆಂದು ಹಾಸಿದ ಕಂಬಳಿ

ಮೊದಲೇ ಹೇಳಿಬಿಡುತ್ತೇನೆ: ಅಂದು ಹಿರಿಯೂರಿನ ತರಕಾರಿ ಮಾರುಕಟ್ಟೆಯ ಹಿಂಗೋಡೆಯ ಪಕ್ಕಕ್ಕೆ ಯಾವ ದೇವರೂ ಬರಲಿಲ್ಲ. ಬಂದದ್ದು ನನ್ನ ಹಳೆಯ ಕರಿ ಕಂಬಳಿ. ಅದನ್ನು ತಂದವಳು ನಾನು, ಹಾಸಿದವಳು ನಾನು, ಜನ ಕೈಮುಗಿಯಲು ಶುರುಮಾಡಿದಾಗ ಬಾಯಿ ಮುಚ್ಚಿಕೊಂಡು ನಿಂತವಳೂ ನಾನೇ. ಈಗ ನಮ್ಮ ಯಲ್ಲದಕೆರೆಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಅಲ್ಲಿ ದೇವರು ನೆಲೆ ಕೇಳಿತು ಎನ್ನುವವರು ಕೆಲವರು, ಓದಿದ ಹುಡುಗಿಯ ಸೊಕ್ಕು ಎನ್ನುವವರು ಕೆಲವರು. ಎರಡೂ ಸುಳ್ಳು. ಮೊದಲು ಆದದ್ದು ನನ್ನ ಕೈಯ ತಪ್ಪು, ಆಮೇಲೆ ಆದದ್ದು ನನ್ನ ಬಾಯಿಯ ತಪ್ಪು.

ಓದಿದ ಹುಡುಗಿ ಎಂದರೆ ನನ್ನ ಮೊಮ್ಮಗಳು ರೂಪಾ. ಚಿತ್ರದುರ್ಗದಲ್ಲಿ ಒಳಾಂಗಣ ವಿನ್ಯಾಸ ಓದುತ್ತಾಳೆ. ಹೆಸರು ಕೇಳಿ ಹೆದರಬೇಡಿ, ನಾನೂ ಮೊದಲು ಹೆದರಿದ್ದೆ. ಗೋಡೆಯೊಳಗೆ ಯಾವುದು ಎಲ್ಲಿರಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು, ಕುಳಿತವನ ಮೊಣಕಾಲಿಗೂ ಎದುರಿನ ಮೇಜಿಗೂ ನಡುವೆ ಎಷ್ಟು ಗೇಣು ಬಿಡಬೇಕು ಎಂದು ಯೋಚಿಸುವ ವಿದ್ಯೆ ಅದು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ, ಇದಕ್ಕೂ ಒಂದು ಓದು ಬೇಕೆ ಅನ್ನಿಸಿದ್ದು ನಿಜ. ಉಪ್ಪಿನ ಗಡಿಗೆ ಒಲೆಯ ಬಲಕ್ಕಿರಬೇಕು, ಬೀಸುವ ಕಲ್ಲು ಕಿಟಕಿಯ ಕೆಳಗಿರಬೇಕು ಎಂದು ನಮಗೆ ಯಾವ ಕಾಲೇಜೂ ಹೇಳಿಕೊಡಲಿಲ್ಲ, ಸೊಂಟ ಹೇಳಿಕೊಟ್ಟಿತು. ಇದನ್ನು ಅವಳ ಮುಖಕ್ಕೇ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ನಿನ್ನ ಸೊಂಟ ಹೇಳಿದ್ದನ್ನೇ ನಾವು ಅಳತೆಪಟ್ಟಿ ಹಿಡಿದು ಬರೆದುಕೊಳ್ಳುತ್ತೇವೆ ಅಜ್ಜಿ, ಅಷ್ಟೇ ವ್ಯತ್ಯಾಸ ಎಂದಳು. ಮಾತಿನಲ್ಲಿ ಸೋತರೆ ನಾನು ಸಾಮಾನ್ಯವಾಗಿ ಅಡಿಗೆಮನೆಗೆ ಹೋಗಿಬಿಡುತ್ತೇನೆ, ಅಂದೂ ಹೋದೆ.

ಅವಳ ಕಾಲೇಜಿನಲ್ಲಿ ಒಮ್ಮೆ ಮಕ್ಕಳು ಮಾಡಿದ್ದನ್ನೆಲ್ಲ ಸಾಲಾಗಿ ಇಟ್ಟು ಮನೆಯವರನ್ನು ಕರೆದಿದ್ದರು. ರಟ್ಟಿನಲ್ಲಿ ಮಾಡಿದ ಪುಟ್ಟ ಪುಟ್ಟ ಜಾಗಗಳು. ಒಬ್ಬ ಬಟ್ಟೆಯಂಗಡಿ ಮಾಡಿದ್ದ, ಒಬ್ಬಳು ಓದುವ ಕೋಣೆ, ಇನ್ನೊಬ್ಬ ವಸ್ತುಪ್ರದರ್ಶನದಲ್ಲಿ ನಾಲ್ಕು ದಿನ ನಿಲ್ಲಿಸಿ ಮತ್ತೆ ಬಿಚ್ಚಿಕೊಂಡು ಹೋಗುವ ಮಳಿಗೆ. ಕೆಲಸ ಬಹಳ ಅಚ್ಚುಕಟ್ಟು, ಅದನ್ನು ಒಪ್ಪಬೇಕು. ಒಳಗೆಲ್ಲ ಬೆರಳುದ್ದದ ಬಿಳಿ ಕಾಗದದ ಮನುಷ್ಯರನ್ನು ಅಂಟಿಸಿದ್ದರು. ನಾನು ಒಂದೊಂದನ್ನೂ ಬಗ್ಗಿ ನೋಡಿದೆ. ಎಲ್ಲರೂ ನೆಟ್ಟಗೆ ನಿಂತಿದ್ದರು. ಯಾರ ತಲೆಯ ಮೇಲೂ ಬುಟ್ಟಿ ಇರಲಿಲ್ಲ, ಯಾರ ಕಂಕುಳಲ್ಲೂ ಕೂಸಿರಲಿಲ್ಲ, ಒಬ್ಬರೂ ಸೊಂಟದ ಮೇಲೆ ಕೈಯಿಟ್ಟು ಉಸ್ಸೆನ್ನುತ್ತಿರಲಿಲ್ಲ.

"ಇವ್ರೆಲ್ಲ ಯಾವೂರೋರೇ? ಯಾರಿಗೂ ಕುಂತ್ಕಳಾಕೇ ಬರಾಕಿಲ್ಲೇನು?" ಎಂದು ರೂಪಾಳನ್ನು ಕೇಳಿದೆ.

ಪಕ್ಕದಲ್ಲಿದ್ದ ಅವಳ ಮೇಡಂ ನಕ್ಕರು. ರೂಪಾ ನಗಲಿಲ್ಲ. ವಾಪಸು ಬರುವಾಗ ಹಿರಿಯೂರಿನಲ್ಲಿ ಇಳಿದು, ಊರಿನ ಬಸ್ಸಿಗೆ ಕಾಯುತ್ತ, ತರಕಾರಿ ಮಾರುಕಟ್ಟೆಯ ಹಿಂದಿನ ಚರಂಡಿಯ ಕಟ್ಟೆಯನ್ನೇ ನೋಡುತ್ತ ನಿಂತಳು. ಅಲ್ಲಿ ಸೊಪ್ಪು ಮಾರಿ ಮುಗಿಸಿದ ಹೆಂಗಸರು, ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಒಂದು ಕಾಲು ಕಟ್ಟೆಯ ಈಚೆ, ಒಂದು ಕಾಲು ಆಚೆ ಇಳಿಬಿಟ್ಟು ಕುಳಿತಿದ್ದರು.

ಆ ಕಟ್ಟೆಯ ಮೇಲೆ ನಾನು ಎಷ್ಟೋ ವರ್ಷ ಕುಳಿತಿದ್ದೇನೆ. ಬೆಳಗಿನ ಮೊದಲ ಬಸ್ಸಿಗೆ ಮೊಸರೋ ಮೆಂತ್ಯಸೊಪ್ಪೋ ಹೊತ್ತು ಬಂದರೆ ಹತ್ತು ಗಂಟೆಗೆಲ್ಲ ವ್ಯಾಪಾರ ಮುಗಿಯುತ್ತದೆ. ಊರಿಗೆ ಹೋಗುವ ಬಸ್ಸು ಮಧ್ಯಾಹ್ನ ತಿರುಗಿದ ಮೇಲೆಯೇ. ನಡುವಿನ ಆ ಹೊತ್ತಿಗೆ ಹೆಂಗಸಿಗೆ ಜಾಗವಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತರೆ, ಏಳಮ್ಮ, ಗಿರಾಕಿ ಬರುತ್ತಾರೆ ಎನ್ನುತ್ತಾರೆ. ಹೋಟೆಲಿನ ಬೆಂಚಿನ ಮೇಲೆ ಕುಳಿತರೆ ಚಹಾ ಕುಡಿಯಬೇಕು, ಕುಡಿದ ಮೇಲೆ ಏಳಬೇಕು. ಗಂಡಸರಿಗೆ ಅರಳಿಕಟ್ಟೆಯಿದೆ, ಬೀಡಿಯಂಗಡಿಯಿದೆ, ಸುಮ್ಮನೆ ನಿಲ್ಲುವುದಕ್ಕೂ ಅವರಿಗೆ ಒಂದು ಹಕ್ಕಿದೆ. ಹೆಂಗಸು ಸುಮ್ಮನೆ ನಿಂತರೆ ಯಾರಿಗೆ ಕಾಯುತ್ತಿದ್ದಾಳೆ ಎನ್ನುತ್ತಾರೆ. ಅದಕ್ಕೇ ಚರಂಡಿಯ ಕಟ್ಟೆ. ಅಲ್ಲಿ ವಾಸನೆ ಇರುವುದರಿಂದ ಯಾರೂ ಎಬ್ಬಿಸಲು ಬರುವುದಿಲ್ಲ.

ರೂಪಾಳ ಕೊನೆಯ ಪರೀಕ್ಷೆಗೆ ರಟ್ಟು ಸಾಲದಂತೆ. ನಿಜವಾಗಿ ಒಂದು ಜಾಗ ಕಟ್ಟಿ ನಿಲ್ಲಿಸಬೇಕು, ಜನ ಅದನ್ನು ಬಳಸಬೇಕು, ಆಮೇಲೆ ಗುರುತಿಲ್ಲದಂತೆ ಬಿಚ್ಚಬೇಕು. ಅವರ ಭಾಷೆಯಲ್ಲಿ ತಾತ್ಕಾಲಿಕ ಸಾರ್ವಜನಿಕ ಸ್ಥಳ. ಆ ದೊಡ್ಡ ಮಾತು ಕೇಳಿ ನನಗೆ ನಗು ಬಂತು. ನಮ್ಮಂಥ ಕುರಿ ಕಾಯುವವರ ಬದುಕಿನಲ್ಲಿ ತಾತ್ಕಾಲಿಕವಲ್ಲದ್ದು ಯಾವುದಿತ್ತು? ಮಂದೆ ನಿಂತ ಕಡೆ ನಾಲ್ಕು ಗೂಟ ಹೊಡೆದರೆ ಮನೆ, ಗೂಟ ಕಿತ್ತರೆ ಬಯಲು. ಮೂರು ಕಲ್ಲು ಇಟ್ಟರೆ ಅಡಿಗೆಮನೆ, ಕಂಬಳಿ ಹಾಸಿದರೆ ಪಡಸಾಲೆ. ನನ್ನ ಗಂಡ ಬದುಕಿದ್ದಾಗ ಮಳೆ ಬಂದರೆ ಕಂಬಳಿಯನ್ನೇ ಮಡಿಚಿ ತಲೆಯಿಂದ ಬೆನ್ನಿಗೆ ಕೊಪ್ಪೆ ಹಾಕಿಕೊಂಡು ನಿಂತುಬಿಡುತ್ತಿದ್ದ. ನಿಂತಲ್ಲೇ ಅವನಿಗೆ ಒಂದು ಮನೆ, ಅದರೊಳಗೆ ಅವನೊಬ್ಬನೇ ಒಕ್ಕಲು.

ರೂಪಾ ಚರಂಡಿಯ ಕಟ್ಟೆಯ ಹೆಂಗಸರಿಗೇ ಜಾಗ ಮಾಡುತ್ತೇನೆ ಎಂದು ಹಟ ಹಿಡಿದಳು. ನಗರಸಭೆಯ ಕಚೇರಿಗೆ ಎಂಟು ಸಲ ಅಲೆದು, ಗೋಡೆಯ ಪಕ್ಕದ ಜಾಗಕ್ಕೆ ಎರಡು ದಿನದ ಒಪ್ಪಿಗೆ ತಂದಳು. ಮೊದಲ ದಿನ ಜಾಗ ತೆರೆಯುವುದು. ಎರಡನೆಯ ದಿನ ಹನ್ನೊಂದು ಗಂಟೆಗೆ ಮೇಡಂ, ಜೊತೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು, ಜನ ಹೇಗೆ ಬಳಸುತ್ತಿದ್ದಾರೆ ಎಂದು ನೋಡುವುದು. ಯಾರೂ ಬಳಸದಿದ್ದರೆ ಇನ್ನೊಂದು ವರ್ಷ ಅದೇ ಪಾಠ. ಅದು ಅವಳ ಪಾಡು, ಒಂದು ವರ್ಷ ಹೋದರೆ ಹೋಯಿತು. ದೊಡ್ಡ ಮಾತೆಂದರೆ, ಜನ ಒಗ್ಗಿಕೊಂಡರೆ ಬೇಸಿಗೆ ಮುಗಿಯುವವರೆಗೆ ಹಾಗೇ ಬಿಡೋಣ ಎಂದು ಕಚೇರಿಯವರೊಬ್ಬರು ಬಾಯಿಬಿಟ್ಟು ಹೇಳಿದ್ದರು. ಹೆಂಗಸರಿಗೆ ಒಂದು ಬೇಸಿಗೆಯ ನೆರಳು. ಅಷ್ಟು ಸಿಕ್ಕಿದರೆ ಮುಂದಿನ ಬೇಸಿಗೆಗೆ ಕೇಳಲು ಬಾಯಿ ಬರುತ್ತದೆ.

ಕಟ್ಟುವಾಗ ನನ್ನನ್ನೂ ಕರೆದುಕೊಂಡು ಹೋದಳು. ಬಿದಿರಿನ ಗಳ, ನೆರಳಿಗೆ ಸಸಿಗಳ ಮೇಲೆ ಕಟ್ಟುವಂಥ ಹಸಿರು ನೆಟ್ಟಿನ ಬಲೆ, ಟೊಮೆಟೊ ಕ್ರೇಟುಗಳ ಮೇಲೆ ಹಲಗೆ ಜೋಡಿಸಿ ಗೇಣೆತ್ತರದ ಜಗಲಿ. ಎತ್ತರ ಅಷ್ಟೇ ಸಾಕು ಎಂದವಳು ನಾನು. ನಮ್ಮ ಹೆಂಗಸರಿಗೆ ಕಾಲು ಚಾಚಿ ಕೂರಬೇಕು, ಇಳಿಬಿಟ್ಟು ಕೂರುವುದು ಆಸ್ಪತ್ರೆಯಲ್ಲಿ. ಒಂದು ಬದಿಗೆ ಎದೆಮಟ್ಟದ ಹಲಗೆಯನ್ನೂ ಹಾಕಿಸಿದೆ. ತಲೆಹೊರೆಯನ್ನು ಇನ್ನೊಬ್ಬರ ಕೈ ಬೇಡದೆ ಇಳಿಸುವುದಕ್ಕೆ, ಮತ್ತೆ ಎತ್ತಿಕೊಳ್ಳುವುದಕ್ಕೆ. ಹಿಂದೆ ದಾರಿಯ ಪಕ್ಕ ಹೊರೆಗಲ್ಲು ನೆಡುತ್ತಿದ್ದರಲ್ಲ, ಅದೇ. ಇದು ಯಾವ ಪುಸ್ತಕದಲ್ಲೂ ಇಲ್ಲ ಎಂದು ರೂಪಾ ಬರೆದುಕೊಂಡಳು. ನನಗೆ ಜಂಬ ಬಂದಿತು, ಸುಳ್ಳೇಕೆ.

ಆ ಜಂಬದಲ್ಲೇ ಕಂಬಳಿ ಹಾಸಿದೆ. ಈ ಕಡೆಯ ವಸ್ತುಗಳನ್ನೇ ಬಳಸು ಎಂದು ಮೇಡಂ ಹೇಳಿದ್ದರಂತೆ; ನಮ್ಮ ಮನೆಯ ಕಂಬಳಿಗಿಂತ ಈ ಕಡೆಯದು ಇನ್ನು ಯಾವುದಿದೆ? ಜಗಲಿಯ ಮೇಲೆ ಹಾಸಿ, ಕೈಯಿಂದ ಸುಕ್ಕು ಸವರಿ, ಇಳಿದೆ. ಬಾಯಾರಿದವರಿಗೆಂದು ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿ, ಧೂಳು ಬೀಳದಿರಲೆಂದು ಬಾಯಿಗೆ ಬೇವಿನ ಸೊಪ್ಪು ತುರುಕಿ ಕೊಟ್ಟೆ. ರೂಪಾ ಅದನ್ನು ತಗೊಂಡು, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಕಂಬಳಿಯ ನಟ್ಟನಡುವೆ ಇಟ್ಟಳು. ಅಲ್ಲಿ ಚಂದ ಕಾಣುತ್ತದಂತೆ. ಜಾಗದೊಳಗೆ ಎಲ್ಲಿಂದ ಬರಬೇಕು ಎನ್ನುವ ಗುರುತಿಗೆ ನೆಲದ ಮೇಲೆ ಸುಣ್ಣದಲ್ಲಿ ನಾಲ್ಕು ಗೆರೆ ಎಳೆದಳು. ರಂಗೋಲಿಯ ಹೂವಿನ ಹಾಗೆಯೇ ಬಂತು.

ಸೊಪ್ಪಿನ ಗಂಗಮ್ಮ ಮೊದಲು ಬಂದಳು. ಅವಳಿಗೂ ನನಗೂ ಕಟ್ಟೆಯ ಮೇಲಿನ ಇಪ್ಪತ್ತು ವರ್ಷದ ಸ್ನೇಹ. ಬಂದವಳು ಸುಣ್ಣದ ಗೆರೆಯ ಈಚೆಯೇ ನಿಂತು, ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಎರಡೂ ಕೈ ಜೋಡಿಸಿದಳು.

"ಯಾವ ದ್ಯಾವ್ರಮ್ಮ ಇದು?" ಎಂದು ನನ್ನನ್ನು ಕೇಳಿದಳು.

ಆಗ ತಿರುಗಿ ನೋಡಿದೆ. ನೋಡಿದರೆ ನಾನು ಕೂರುವುದಕ್ಕೆ ಹಾಸಿರಲಿಲ್ಲ, ಗದ್ದಿಗೆ ಹಾಕಿದ್ದೆ. ನಮ್ಮವರಲ್ಲಿ ಮದುವೆಯಾಗಲಿ, ದೇವರ ಕಾರ್ಯವಾಗಲಿ, ಹಿರಿಯರು ನ್ಯಾಯಕ್ಕೆ ಸೇರುವುದಾಗಲಿ, ಮೊದಲು ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಅಂಚನ್ನು ಮೂಡಲಿಗೆ ತಿರುಗಿಸಿ ಹಾಸಿ, ಮೇಲೆ ನೀರಿನ ಚೊಂಬಿಟ್ಟು ಸೊಪ್ಪು ಸಿಕ್ಕಿಸುತ್ತಾರೆ. ಅದಾದ ಮೇಲೆ ಅಲ್ಲಿ ದೇವರು ಕುಳಿತ ಲೆಕ್ಕ. ಮನುಷ್ಯರು ಕೂರುವಂತಿಲ್ಲ, ದಾಟುವಂತಿಲ್ಲ. ಮಾವ ಹಾಸುವುದನ್ನು ನೋಡಿ ನೋಡಿ ನನ್ನ ಕೈಗೆ ಆ ಮಡಿಕೆ ಹತ್ತಿಬಿಟ್ಟಿತ್ತು. ಊರ ಜನರ ಎದುರು ಕಂಬಳಿ ಹಾಸು ಎಂದರೆ ಅದಕ್ಕೆ ಬೇರೆ ಬಗೆ ಗೊತ್ತೇ ಇರಲಿಲ್ಲ. ಮನೆಯಲ್ಲಾದರೆ ದಿನಾ ಬೇಕಾಬಿಟ್ಟಿ ಹಾಸಿ ಮಲಗುವವಳು, ನಾಲ್ಕು ಜನರ ನಡುವೆ ಬಂದ ಕೂಡಲೇ ನೆಟ್ಟಗೆ ಹಾಸಿದೆ. ನೆಟ್ಟಗೆ ಹಾಸಿದ್ದೇ ತಪ್ಪಾಯಿತು.

ಇದು ಬರೀ ಕಂಬಳಿ ಕಣೇ ಗಂಗಿ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಎಂದರೆ, ಹಿತವಾಯಿತು. ನನ್ನ ಮನೆಯ ಕಂಬಳಿಗೆ ಪೇಟೆಯ ಜನ ಚಪ್ಪಲಿ ಬಿಟ್ಟು ಕೈಮುಗಿಯುವುದನ್ನು ನೋಡುವುದು ಎಷ್ಟು ಹಿತ ಎಂದು ಅನುಭವಿಸಿದವರಿಗೇ ಗೊತ್ತು. ರೂಪಾ ಒಬ್ಬಳೇ ಓಡಾಡುತ್ತ, ಕೂರಿ ಅಕ್ಕ, ನಿಮಗೇ ಮಾಡಿರುವುದು ಎಂದು ಎಲ್ಲರನ್ನೂ ಕರೆಯುತ್ತಿದ್ದಳು. ಅವರು ಇವಳನ್ನು ಪೂಜೆಯ ಮನೆಯ ಮಗಳು ಎಂದುಕೊಂಡು ಇನ್ನಷ್ಟು ತಗ್ಗಿದರು. ಗದ್ದಿಗೆಯ ಮೇಲೆ ಕುಳಿತರೆ ಕಾಲು ಬಿದ್ದುಹೋಗುತ್ತವೆ ತಾಯಿ ಎಂದು ಒಬ್ಬಳು ಬುದ್ಧಿ ಹೇಳಿದಳು. ಹತ್ತು ಗಂಟೆಗೆ ಒಂದು ಮೊಳ ಹೂವು ಬಂತು, ಹನ್ನೊಂದಕ್ಕೆ ಅರಿಶಿನ ಕುಂಕುಮ, ಹನ್ನೆರಡಕ್ಕೆ ಬಾಳೆಹಣ್ಣು. ಹೊರೆ ಇಳಿಸಲೆಂದು ನಾನು ಹಾಕಿಸಿದ ಹಲಗೆಯ ಮೇಲೆ ಊದುಬತ್ತಿ ಹೊಗೆಯಾಡಿತು. ಆಟೋದವರು ಹೋಗುತ್ತಲೇ ಎದೆ ಮುಟ್ಟಿಕೊಂಡರು. ಹೆಂಗಸರು ಮಾತ್ರ, ಕೈಮುಗಿದಾದ ಮೇಲೆ, ವಾಡಿಕೆಯಂತೆ ಚರಂಡಿಯ ಕಟ್ಟೆಗೆ ಹೋಗಿ ಕುಳಿತರು. ಬಿಸಿಲಿನಲ್ಲಿ ಅವರು, ನೆರಳಿನಲ್ಲಿ ಕಂಬಳಿ.

ಮಧ್ಯಾಹ್ನ ರೂಪಾ ನನ್ನ ಹತ್ತಿರ ಬಂದಳು. ಅತ್ತಿರಲಿಲ್ಲ, ತುಟಿ ಮಾತ್ರ ಒಣಗಿತ್ತು.

"ಅಜ್ಜಿ, ನೀನ್ ಕುಂತ್ಕ. ನೀನ್ ಕುಂತ್ರೆ ಅವ್ರೂ ಕುಂತ್ಕಳ್ತಾರೆ" ಎಂದಳು.

ಹೋದೆ. ಸುಣ್ಣದ ಗೆರೆ ದಾಟಿದೆ. ಜಗಲಿಯ ಅಂಚಿಗೆ ಬೆನ್ನು ಮಾಡಿ ನಿಂತೆ. ಕಾಲು ಮಡಿಯಲಿಲ್ಲ. ಬೆನ್ನ ಹಿಂದೆ, ಎಂದೋ ತೀರಿಕೊಂಡ ಮಾವ ಕೆಮ್ಮಿದ ಹಾಗಾಯಿತು. ಮಂಡಿ ನೋವು ಕಣೇ ಎಂದು ಹೇಳಿ ಈಚೆಗೆ ಬಂದೆ.

"ಮಂಡಿ ನೋವಲ್ಲ ಬಿಡು," ಎಂದಳು ರೂಪಾ. "ಕಾಗದದ ಜನಕ್ಕೆ ಕುಂತ್ಕಳಾಕೆ ಬರಾಕಿಲ್ಲ ಅಂತ ಆಡ್ಕಂಡ್ಯಲ್ಲ ಅಜ್ಜಿ. ನಿಂಗೂ ಬರ್ಲಿಲ್ಲ."

ನನ್ನ ಮಗ, ಸೊಸೆ, ಕೊನೆಗೆ ಗಂಡನೂ ನನಗೆ ಅಂಥ ಮಾತು ಆಡಿದ್ದಿಲ್ಲ. ಆಡಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಈ ಮಾತಿನಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ.

ಅಷ್ಟರಲ್ಲಿ ಹೂವಿನಂಗಡಿಯ ಬಸಣ್ಣ ಬಂದ. ಒಳ್ಳೆಯವನೇ. ಒಳ್ಳೆಯವರು ಕೈಹಾಕಿದರೆ ಬಿಡಿಸಿಕೊಳ್ಳುವುದು ಇನ್ನೂ ಕಷ್ಟ. ಇಷ್ಟು ಜನ ನಡೆದುಕೊಳ್ಳುತ್ತಿದ್ದಾರೆ, ಬರಿ ಹಲಗೆಯ ಮೇಲೆ ಬಿಡುವುದು ಸರಿಯಲ್ಲ, ನಾಳೆಯೇ ನಾಲ್ಕು ಇಟ್ಟಿಗೆ ತಂದು ಕಟ್ಟೆ ಕಟ್ಟೋಣ, ಮುಂದೆ ತಗಡು ಹಾಕಿಸೋಣ, ನಾವು ನಾಲ್ಕೈದು ಜನ ಗಂಡಸರು ನೋಡಿಕೊಳ್ಳುತ್ತೇವೆ ಎಂದ. ರೂಪಾ ಕಂಬಳಿ ತೆಗೆದುಬಿಡುತ್ತೇನೆ ಎಂದು ಹೊರಟಳು. ನಾನೇ ತಡೆದೆ. ತೆಗೆದರೆ ಕಾಲೇಜಿನ ಹುಡುಗಿ ದೇವರನ್ನು ಎಬ್ಬಿಸಿದಳು ಎಂದಾಗುತ್ತದೆ. ಕಂಬಳಿ ಹೋದರೂ ಜಾಗ ದೇವರದ್ದಾಗಿಯೇ ಉಳಿಯುತ್ತದೆ. ಜನ ಬರಿ ಹಲಗೆಗೂ ಹೂವು ಹಾಕುತ್ತಾರೆ. ನನಗೆ ನಮ್ಮ ಜನ ಗೊತ್ತು. ನಾನೂ ಅವರಲ್ಲೇ ಒಬ್ಬಳು, ಈಗತಾನೇ ನೋಡಿದಿರಲ್ಲ.

ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಯೋಚಿಸಿದೆ. ನಾನು ದೇವರನ್ನು ನಂಬದವಳಲ್ಲ. ನಂಬಿಕೆಯ ಮಾತೇ ಅಲ್ಲ ಇದು. ಆದರೆ ನೋಡಿ, ಇಪ್ಪತ್ತು ವರ್ಷ ಅದೇ ಗೋಡೆಯ ಪಕ್ಕ ನಾನು, ಗಂಗಮ್ಮ, ನಮ್ಮಂಥ ಎಷ್ಟೋ ಹೆಂಗಸರು ನಿಂತು ಸವೆದೆವು, ಒಂದು ಗೇಣು ಜಾಗ ನಮ್ಮದಾಗಲಿಲ್ಲ. ಮಡಿಸಿದ ಒಂದು ಕಂಬಳಿಗೆ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಜಾಗ ಸಿಕ್ಕಿತು, ಇಟ್ಟಿಗೆ ಸಿಕ್ಕಿತು, ತಗಡೂ ಸಿಕ್ಕಿತು. ದೇವರು ಕುಳಿತರೆ ಏಳು ಎನ್ನುವವರಿಲ್ಲ. ಹೆಂಗಸು ನಿಂತರೆ ಕೂರು ಎನ್ನುವವರಿಲ್ಲ. ಹಾಗಾದರೆ ದೇವರ ಹೆಸರಿನಲ್ಲೇ ನೆರಳು ಉಳಿಯಲಿ, ಅದರ ಮಗ್ಗುಲಲ್ಲಿ ಹೆಂಗಸರೂ ಕುಳಿತುಕೊಳ್ಳಲಿ ಎಂದು ಒಂದು ಆಸೆಯೂ ಬಂತು. ಬಂದಷ್ಟೇ ಬೇಗ ಹೋಯಿತು. ದೇವರ ನೆರಳಿಗೆ ನಾಳೆ ಬಾಗಿಲು ಬರುತ್ತದೆ, ಬಾಗಿಲಿಗೆ ಬೀಗ, ಬೀಗಕ್ಕೊಬ್ಬ ಗಂಡಸು. ಮೀನಿನ ಬುಟ್ಟಿಯವಳು ದೂರ ಕೂರಬೇಕು, ತಿಂಗಳ ಮೂರು ದಿನ ಯಾರೂ ಹತ್ತಿರ ಬರಬಾರದು, ಕೂಸಿಗೆ ಹಾಲು ಕೊಡಬಾರದು. ಚರಂಡಿಯ ಕಟ್ಟೆಗೆ ಇಷ್ಟು ನಿಯಮವಿಲ್ಲ.

ಮತ್ತೆ ಆ ಕಂಬಳಿಯನ್ನೇ ನೆನೆದೆ. ರೂಪಾಳ ಅಪ್ಪ ಹುಟ್ಟಿದ್ದು ಅದರ ಮೇಲೆ. ಹಟ್ಟಿಯಿಂದ ಎರಡು ಹರದಾರಿ ದೂರ, ಮಂದೆ ನಿಂತ ಹೊಲದಲ್ಲಿ, ಸೂಲಗಿತ್ತಿ ಬರುವ ಮೊದಲೇ. ರಕ್ತ ಅದರ ಮೇಲೇ ಹರಿಯಿತು. ಮರುದಿನ ನನ್ನ ಅತ್ತೆ ಹಳ್ಳದಲ್ಲಿ ಒಗೆದು ಜಾಲಿಯ ಮೇಲೆ ಒಣಹಾಕಿದಳು. ಅದೇ ವರ್ಷ ಮಾವ ಅದನ್ನೇ ನಾಲ್ಕು ಮಡಿಕೆ ಮಾಡಿ ಗದ್ದಿಗೆ ಹಾಕಿದ. ದೇವರು ಒಂದು ಮಾತಾಡಲಿಲ್ಲ. ಮೈಲಿಗೆ ಎಂದು ಎದ್ದುಹೋಗಲಿಲ್ಲ. ಹೆತ್ತವಳನ್ನು ಹೊತ್ತ ಬಟ್ಟೆಯ ಮೇಲೆ ಕೂರಲು ದೇವರಿಗೆ ಸಂಕೋಚವಿಲ್ಲ, ದೇವರು ಕುಳಿತ ಬಟ್ಟೆಯ ಮೇಲೆ ಕೂರಲು ಹೆತ್ತವಳಿಗೆ ಭಯ. ಇದರಲ್ಲಿ ಎಲ್ಲೋ ಒಂದು ಕಡೆ ಅಳತೆ ತಪ್ಪಿದೆ. ಅಳತೆ ತಪ್ಪಿದ್ದನ್ನು ತಿದ್ದುವುದು ರೂಪಾಳ ಓದು. ಆದರೆ ಇದನ್ನು ಅವಳು ತಿದ್ದಲಾರಳು. ಹಾಸಿದ ಕೈಯೇ ತಿದ್ದಬೇಕು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ರೂಪಾ ಬರುತ್ತೇನೆ ಎಂದಳು, ನೀನು ನಿನ್ನ ಮೇಡಂ ಜೊತೆ ಬಾ ಎಂದೆ. ಬಸಣ್ಣ ಹೇಳಿದಂತೆ ಇಟ್ಟಿಗೆ ತಂದು ಪಕ್ಕದಲ್ಲಿ ಜೋಡಿಸಿದ್ದ, ಹೊಸ ಹೂವೂ ಹಾಕಿದ್ದ. ಹೆಂಗಸರು ಮಾರಾಟಕ್ಕೆ ಕುಳಿತಿದ್ದರು. ವ್ಯಾಪಾರ ಮುಗಿಯುವವರೆಗೆ ಗೋಡೆಗೆ ಒರಗಿ ನಿಂತಿದ್ದೆ. ಹತ್ತು ಗಂಟೆಗೆ ಒಬ್ಬೊಬ್ಬರೇ ಬಂದು, ಕೈಮುಗಿದು, ಕಟ್ಟೆ ಹಿಡಿದರು. ಆಗ ಗೆರೆ ದಾಟಿ ಹೋದೆ. ಚೊಂಬನ್ನು ಎತ್ತಿ ಬದಿಯ ಹಲಗೆಯ ಮೇಲಿಟ್ಟೆ. ಹೂವನ್ನು ರಸ್ತೆಯಾಚೆಯ ಬೇವಿನ ಮರದ ಬುಡಕ್ಕೆ ಹಾಕಿದೆ, ಬಾಳೆಹಣ್ಣನ್ನು ಕಟ್ಟೆಯ ಮೇಲಿದ್ದವರ ಮಡಿಲಿಗೆ ಹಂಚಿದೆ. ಪ್ರಸಾದವೆಂದು ಕಣ್ಣಿಗೊತ್ತಿಕೊಂಡರು. ತಿನ್ನುವವರೆಗೂ ನಿಂತು ನೋಡಿದೆ. ಆಮೇಲೆ ಕಂಬಳಿಯ ಒಂದು ಮಡಿಕೆ ಬಿಚ್ಚಿದೆ, ಇನ್ನೊಂದು ಬಿಚ್ಚಿದೆ, ಉದ್ದಕ್ಕೆ ಎಳೆದೆ.

ಬಸಣ್ಣ ಓಡಿ ಬಂದ. "ಅಜ್ಜಿ, ಏನ್ ಮಾಡಾಕತ್ತೀಯ? ಗದ್ದಿಗೆ ಅದು."

"ನನ್ ಕಂಬ್ಳಿ ಅದು. ಮಲಗ್ತೀನಿ. ನಿಂಗೇನಪ್ಪ?"

"ಕಾಲು ಬೀಳ್ತಾವೆ."

"ಬೀಳ್ಲಿ ಬಿಡು. ಎಪ್ಪತ್ತು ವರ್ಸ ಹೊತ್ಕಂಡು ತಿರುಗ್ಯಾವೆ, ಅವ್ಕೂ ಸಾಕಾಗೈತೆ."

ಅವನು ಕಟ್ಟೆಯ ಹೆಂಗಸರ ಕಡೆ ನೋಡಿದ, ಯಾರಾದರೂ ತಡೆಯಲಿ ಎಂದು. ಯಾರೂ ಏಳಲಿಲ್ಲ. ಬಾಳೆಹಣ್ಣಿನ ಸಿಪ್ಪೆ ಕೈಯಲ್ಲಿ ಹಿಡಿದು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಈ ಸಲ ಕಾಲು ಮಡಿಯಿತು. ಕುಳಿತೆ. ಕುಳಿತವಳು ಅಷ್ಟಕ್ಕೇ ಬಿಡಲಿಲ್ಲ, ಸೆರಗನ್ನು ತಲೆಯ ಕೆಳಗೆ ಸುತ್ತಿಕೊಂಡು, ಕಾಲು ನೀಳವಾಗಿ ಚಾಚಿ, ಮಗ್ಗುಲಾಗಿ ಮಲಗಿ ಕಣ್ಣು ಮುಚ್ಚಿದೆ. ನೆಟ್ಟಿನ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು, ಕೆಳಗೆ ತಂಪಿತ್ತು. ಬಸಣ್ಣನ ಚಪ್ಪಲಿಯ ಸದ್ದು ನಿಧಾನವಾಗಿ ದೂರ ಹೋಯಿತು. ನಿದ್ದೆ ಬಂದಿರಲಿಲ್ಲ, ಬಂದವಳಂತೆ ಉಸಿರಾಡುತ್ತಿದ್ದೆ.

ಎದೆಮಟ್ಟದ ಹಲಗೆಯ ಮೇಲೆ ಬುಟ್ಟಿ ಇಳಿದ ಸದ್ದಾಯಿತು. ಯಾರೋ ಉಸ್ಸೆಂದರು. ಗಂಗಮ್ಮನದೇ ಉಸಿರು, ಇಪ್ಪತ್ತು ವರ್ಷ ಕೇಳಿದ್ದೇನೆ. ನಾನು ಕಣ್ಣು ತೆರೆಯಲಿಲ್ಲ. ಕಾಲೆರಡನ್ನೂ ಮಡಿಚಿಕೊಂಡು ಅವಳಿಗೆ ಜಾಗ ಬಿಟ್ಟೆ.